ಹೆಣದ ಕಂಡಿ

ಲೋಸ್ಟಾಫ್ಟ್,
೧೪ ಸೆಪ್ಟೆಂಬರ್ ೧೯೫೮

ರೂಬೆನ್,

ಹನ್ನೊಂದು ವರ್ಷದ ಮೇಲೆ ನನ್ನ ಕೈಬರಹ ನೋಡಿ ನಿನ್ನ ಮುಖ ಹೇಗಾಗಿರುತ್ತದೆಂದು ಇಲ್ಲಿಂದಲೇ ಕಾಣುತ್ತಿದೆ. ಒಲೆಗೆ ಹಾಕುವ ಮುಂಚೆ ಪೂರ್ತಿ ಓದು. ಬರೆಯುತ್ತಿರುವುದು ನಿನ್ನ ಮೇಲಿನ ಅಕ್ಕರೆಯಿಂದಲ್ಲ, ನಿನ್ನ ಹೆಂಡತಿಯಾದ ನನ್ನ ಅಕ್ಕನಿಗಾಗಿ.

ಕಳೆದ ಗುರುವಾರ ನೀನು ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು ಬ್ರಾಕ್‌ಸ್ಟೆಡ್‌ಗೆ ಬಂದಿದ್ದೆ. ವಿನ್ನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದದ್ದು ಹೋದ ವರ್ಷ ಈಸ್ಟರ್ ಹೊತ್ತಿಗೆ. ಆವತ್ತು ಮಹಡಿಯಲ್ಲಿ ಹಾಸಿಗೆ ಸರಿಮಾಡುತ್ತಿದ್ದವಳು ಇವತ್ತಿಗೂ ಅಲ್ಲೇ ಇದ್ದಾಳೆ. ಹೊಗೆಗೂಡನ್ನು ಸುತ್ತಿಕೊಂಡು ಹತ್ತುವ ನಿಮ್ಮ ಮೆಟ್ಟಿಲಲ್ಲಿ ನಾನೊಬ್ಬಳೇ ಹತ್ತುವಾಗಲೂ ಎರಡೂ ಭುಜ ಗೋಡೆಗೆ ಉಜ್ಜಿದವು. ಕಿಟಕಿಗೆ ಅಡ್ಡಲಾಗಿ ಓಕ್ ಮರದ ಕಂಬಗಳು. ಅವಳಿಗೆ ಕಾಣುವ ಪ್ರಪಂಚವೆಂದರೆ ಎದುರು ಮನೆಯ ಹುಲ್ಲಿನ ಚಾವಣಿ, ಅದರ ಕೆಳಗಿನ ಒಂದು ಕಿಟಕಿ ಮತ್ತು ಚರ್ಚಿನ ಗೋಪುರದ ಅರ್ಧ.

ಅವಳ ಮಂಚದ ಪಕ್ಕದಲ್ಲೇ ನೆಲದಲ್ಲಿ ಮೊಳೆ ಹೊಡೆಯದೆ ಮರದ ಗೂಟ ಹಾಕಿ ಕೂರಿಸಿದ ಹಲಗೆಗಳಿವೆ. ಮೆಟ್ಟಿಲಿನಲ್ಲಿ ಶವಪೆಟ್ಟಿಗೆ ತಿರುಗುವುದಿಲ್ಲವೆಂದು ಮನೆ ಕಟ್ಟಿದವರೇ ಬಿಟ್ಟ ದಾರಿ. ಊರೆಲ್ಲ ಹೆಣದ ಕಂಡಿ ಅನ್ನುವುದು ಅದಕ್ಕೇ. ಹಲಗೆ ಎತ್ತಿದರೆ ಕೆಳಗೆ ನಡುಮನೆ. ಪೆಟ್ಟಿಗೆ ಇಳಿಯುವ ಕಡೆ ಕುರ್ಚಿಯೊಂದು ಇಳಿಯುವುದಿಲ್ಲವೇ?

ನಾನು ಇದನ್ನೇ ವಿನ್ನಿಗೆ ಹೇಳಿದೆ. ಅವಳು ನಕ್ಕಳು. "ಕೇಳಿದ್ದಾಯ್ತು ಕಣೇ. ಅದು ಸತ್ತವರ ದಾರಿ ಅಂದ. ಹಂಗಾದ್ರೆ ಸತ್ತ ಮೇಲೇ ನನ್ನ ಅಡುಗೆಮನೆ ನೋಡ್ತೀನಿ ಬಿಡು ಅಂದೆ. ಆವತ್ತು ಅವನು ಊಟಾನೇ ಮಾಡ್ಲಿಲ್ಲ, ಪಾಪ."

ಪಾಪ ಅನ್ನುತ್ತಾಳೆ ನಿನಗೆ! ಅವಳು ಕೇಳುತ್ತಿರುವುದು ಅರಮನೆಯನ್ನಲ್ಲ. ತನ್ನ ಒಲೆಯ ಮುಂದೆ ಕೂರಬೇಕು, ಮುಂಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ದಾರಿಯಲ್ಲಿ ಹೋಗಿಬರುವವರನ್ನು ಮಾತಾಡಿಸಬೇಕು, ಅಷ್ಟೇ. ಕಂಡಿ ತೆಗೆ, ರೂಬೆನ್.

ಉತ್ತರ ಕಾಯುತ್ತಿರುವ
ಆಲ್ಮಾ


ಬ್ರಾಕ್‌ಸ್ಟೆಡ್,
೫ ಅಕ್ಟೋಬರ್ ೧೯೫೮

ಆಲ್ಮಾ,

ನೀನು ಬಂದುಹೋದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮೆಟ್ಟಿಲ ತುಂಬ ನಿನ್ನ ಪೆಪ್ಪರ್‌ಮಿಂಟಿನ ವಾಸನೆ ಇತ್ತು. ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ.

ನಾನು ಏನೂ ಮಾಡದೆ ಕೂತಿದ್ದೇನೆ ಎಂದುಕೊಂಡಿದ್ದೀಯ. ಕಳೆದ ಬೇಸಿಗೆಯಲ್ಲಿ ಅವಳನ್ನು ದುಪ್ಪಟಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲಿಳಿಯಲು ಹೋದೆ. ತಿರುವಿನಲ್ಲಿ ಅವಳ ಬಗ್ಗದ ಕಾಲು ಸಿಕ್ಕಿಕೊಂಡಿತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ನೋವಿಗೆ ನನ್ನ ಅಂಗಿಯ ಕಾಲರ್ ಕಚ್ಚಿಕೊಂಡಳು, ಕೂಗಲಿಲ್ಲ. ಪಕ್ಕದ ಮನೆಯ ವಿಲ್ಫ್ ಬಂದು ಮೇಲಕ್ಕೆ ಎಳೆದುಕೊಂಡ. ಅಂದಿನಿಂದ ಮೆಟ್ಟಿಲಿನ ಮಾತನ್ನು ಇಬ್ಬರೂ ಎತ್ತಿಲ್ಲ.

ಕಿಟಕಿಯನ್ನು ಕೊಯ್ಯೋಣವೆಂದರೆ ಆ ಕಂಬಗಳ ಮೇಲೆಯೇ ಮೇಲಿನ ತೊಲೆ ಕೂತಿದೆ. ಹಳೆ ಮನೆಗಳ ಪಟ್ಟಿ ಮಾಡಲು ಲಂಡನ್ನಿನಿಂದ ಬಂದಿದ್ದ ಮನುಷ್ಯ ಕೋಟು ಬಿಚ್ಚಿ ನೆಲದ ಮೇಲೆ ಮಲಗಿ ಕಂಡಿಯ ಗೂಟಗಳನ್ನು ನೋಡಿದ. "ಇಂಥದ್ದು ಉಳ್ಕೊಂಡಿರೋದೇ ಅಪರೂಪ, ಮಿಸ್ಟರ್ ಕ್ಯಾಚ್‌ಪೋಲ್, ಏನನ್ನೂ ಕೊಯ್ಬೇಡಿ" ಎಂದ. ನಾನು ಬಡಗಿ, ನನಗೆ ಹೇಳಬೇಕೇ? ನಾನು ಕೊಯ್ಯುವುದಿಲ್ಲ.

ಇನ್ನು ಕಂಡಿ. ಆ ಹಲಗೆ ಎತ್ತಿದಾಗಲೆಲ್ಲ ಈ ಮನೆಯಿಂದ ಒಬ್ಬರು ಹೋಗಿದ್ದಾರೆ. ನಮ್ಮ ಮನೆತನದಲ್ಲಿ ಯಾವತ್ತೂ ಅದನ್ನು ಸುಮ್ಮನೆ ಎತ್ತಿದ್ದಿಲ್ಲ, ಗುಡಿಸಲಿಕ್ಕೂ ಎತ್ತಿದ್ದಿಲ್ಲ. ಕಂಡಿ ತೆಗೆದರೆ ಮನೆ ತನ್ನ ಪಾಲು ಕೇಳುತ್ತದೆ ಅನ್ನುತ್ತಿದ್ದಳು ನಮ್ಮಮ್ಮ. ನೀನು ನಗುತ್ತೀಯ ಎಂದು ಗೊತ್ತು. ನಗು. ವಿನ್ನಿಯನ್ನು ಪಣಕ್ಕಿಟ್ಟು ನಾನು ಆಡುವುದಿಲ್ಲ.

ರೂಬೆನ್ ಕ್ಯಾಚ್‌ಪೋಲ್


ಲೋಸ್ಟಾಫ್ಟ್,
೧೯ ಅಕ್ಟೋಬರ್ ೧೯೫೮

ರೂಬೆನ್,

ನಾನು ನಗಲಿಲ್ಲ. ನಿನ್ನ ಕಾಗದವನ್ನು ಎರಡು ಸಲ ಓದಿ ಪಾತ್ರೆ ತೊಳೆದೆ. ಒಂದು ಬಟ್ಟಲು ಒಡೆದೆ.

ನಿಮ್ಮಪ್ಪ ಹೋದ ಮೇಲೆ ಹಲಗೆ ಎತ್ತಿದ್ದು, ಹಲಗೆ ಎತ್ತಿದ ಮೇಲೆ ನಿಮ್ಮಪ್ಪ ಹೋದದ್ದಲ್ಲ. ಇಷ್ಟು ವರ್ಷ ಅಳತೆ ಹಿಡಿದು ಬದುಕಿದವನಿಗೆ ಯಾವುದು ಮೊದಲು ಯಾವುದು ಆಮೇಲೆ ಎಂಬುದು ತಿಳಿಯುವುದಿಲ್ಲವೇ?

ಹಳೆಯದನ್ನು ಕೆದಕಬಾರದು ಎಂದುಕೊಂಡಿದ್ದೆ, ಕೆದಕುತ್ತೇನೆ. ಲೆನ್‌ನ ಮಣ್ಣಿನ ದಿನ ನಾನು ನಿನಗೆ ಹೇಳಿದ್ದು ಒಂದೇ ಮಾತು, "ನಿನ್ನ ಮಗನ್ನ ಈ ಮನೇನೇ ತಿಂದಿದ್ದು." ನೀನು ಬಾಗಿಲು ತೋರಿಸಿದೆ. ಯುದ್ಧದಿಂದ ಎದೆ ಕೆಡಿಸಿಕೊಂಡು ಬಂದ ಹುಡುಗನನ್ನು ಆ ತೇವದ ಗೋಡೆಗಳ ನಡುವೆ ಇಟ್ಟುಕೊಂಡಿರಿ. ಇಲ್ಲಿ ಸಮುದ್ರದ ಗಾಳಿಗೆ ಕಳಿಸು ಎಂದು ನಾನು ಬರೆದೆ. ವಿನ್ನಿಗೂ ಮನಸ್ಸಿತ್ತು. "ಕ್ಯಾಚ್‌ಪೋಲರು ಕ್ಯಾಚ್‌ಪೋಲರ ಮನೇಲೇ ಇರ್ತಾರೆ" ಎಂದೆಯಂತೆ. ಮಣ್ಣಿನ ದಿನ ಆಡಿದ ಮಾತನ್ನು ನಾನು ಆಗಲೂ ವಾಪಸ್ ತೆಗೆದುಕೊಳ್ಳಲಿಲ್ಲ, ಈಗಲೂ ಇಲ್ಲ. ಆ ಮನೆ ಈಗ ನನ್ನ ಅಕ್ಕನನ್ನೂ ತಿನ್ನುತ್ತಿದೆ, ನಿಧಾನವಾಗಿ, ಮೇಲಿನಿಂದ ಕೆಳಕ್ಕೆ.

ನನ್ನ ಮನೆ ಮುನಿಸಿಪಾಲಿಟಿ ಕಟ್ಟಿಸಿದ್ದು. ಇಟ್ಟಿಗೆಯ ಪೆಟ್ಟಿಗೆಯಂತೆ ಇದೆ, ನನಗೆ ಗೊತ್ತು. ಅದರ ಗೋಡೆಯನ್ನು ನೋಡಲು ಲಂಡನ್ನಿನಿಂದ ಯಾರೂ ಬರುವುದಿಲ್ಲ. ಆದರೆ ಅದಕ್ಕೆ ಅಗಲವಾದ ಮೆಟ್ಟಿಲಿದೆ, ಸ್ನಾನದ ಮನೆಯಿದೆ, ಯಾರನ್ನಾದರೂ ಹೊರಗೆ ಕರೆತರಲು ಅವರು ಸಾಯುವವರೆಗೆ ಕಾಯಬೇಕಾಗಿಲ್ಲ.

ಸಿಟ್ಟು ಇಳಿಯದ
ಆಲ್ಮಾ


ಬ್ರಾಕ್‌ಸ್ಟೆಡ್,
೭ ಡಿಸೆಂಬರ್ ೧೯೫೮

ಆಲ್ಮಾ,

ಏಳು ವಾರ ನಿನ್ನ ಕಾಗದ ನನ್ನ ಉಪಕರಣದ ಪೆಟ್ಟಿಗೆಯಲ್ಲಿತ್ತು. ಬರೆಯಬಾರದು ಎಂದುಕೊಂಡೆ. ಇವತ್ತು ಭಾನುವಾರ, ವಿನ್ನಿ ನಿದ್ದೆ ಮಾಡುತ್ತಿದ್ದಾಳೆ.

ಪೆಟ್ಟಿಗೆ ಇಳಿಸುವುದನ್ನು ನೀನು ನೋಡಿಲ್ಲ. ನಾಲ್ವರು ಮೇಲೆ ನಿಂತು ಚರ್ಚಿನ ದಪ್ಪ ಪಟ್ಟಿಗಳನ್ನು ತೊಲೆಗೆ ಸುತ್ತು ಹಾಕಿ ಬಿಡುತ್ತಾ ಬರುತ್ತಾರೆ. ಕಾಲಿನ ಕಡೆ ಮೊದಲು. ಮನೆಯವರಲ್ಲಿ ಒಬ್ಬರು ಕೆಳಗೆ ನಿಂತಿರಬೇಕು. ಮೊದಲ ಕೈ ಅವರದೇ ತಾಗಬೇಕು. ಬೇರೆಯವರ ಕೈ ತಾಗಿದರೆ ಮನೆಯವರಿಲ್ಲದ ಹೆಣ ಅನ್ನುತ್ತಾರೆ. ಅಪ್ಪನಿಗೆ ನಾನು ನಿಂತೆ, ಅಮ್ಮನಿಗೆ ನಾನು ನಿಂತೆ. ಅದು ಸರಿ. ಮಕ್ಕಳು ನಿಲ್ಲಬೇಕಾದದ್ದೇ.

ಲೆನ್‌ಗೂ ನಾನೇ ನಿಂತೆ. ಅವನ ಪೆಟ್ಟಿಗೆ ಮಾಡಿದವನೂ ನಾನೇ. ಅಷ್ಟು ಎತ್ತರದ ಹುಡುಗ, ಪೆಟ್ಟಿಗೆ ಕಂಡಿಯಲ್ಲಿ ಬಂದಾಗ ಭಾರವೇ ಇರಲಿಲ್ಲ. ಮೇಲಿನವರು ಸರಿಯಾಗಿ ಹಿಡಿದಿದ್ದಾರೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ಆವತ್ತು ಸಂಜೆ ಗೂಟಗಳನ್ನು ಬಡಿದು ಕೂರಿಸಿದವನು ಇನ್ನು ಇದರ ಕೆಳಗೆ ನಿಲ್ಲುವುದಿಲ್ಲ ಎಂದುಕೊಂಡೆ. ಈಗಲೂ ನಡುಮನೆಯಲ್ಲಿ ಆ ಜಾಗ ಬಿಟ್ಟು ಗೋಡೆ ಬದಿಯಿಂದಲೇ ಹಾಯುತ್ತೇನೆ. ವಿನ್ನಿಗೆ ಇದು ಗೊತ್ತಿಲ್ಲ.

ಮನೆ ಪಾಲು ಕೇಳುತ್ತದೆ ಎಂಬುದನ್ನು ನಾನು ನಂಬುತ್ತೇನೋ ಇಲ್ಲವೋ, ಹೇಳಲಾರೆ. ಆ ತೂತಿನ ಕೆಳಗೆ ನಿಂತು ಕೈ ಎತ್ತಲು ನನ್ನಿಂದ ಆಗುವುದಿಲ್ಲ. ಅವಳು ಬದುಕಿದ್ದರೂ ಆಗುವುದಿಲ್ಲ.

ಸಮುದ್ರದ ಗಾಳಿಯ ವಿಷಯ. ಅವನು ಹೋಗುವುದಿಲ್ಲ ಎಂದ. ನಾನು ಹೋಗು ಎನ್ನಲಿಲ್ಲ. ಇಷ್ಟೇ ನಾನು ಹೇಳುವುದು.

ರೂಬೆನ್


ಲೋಸ್ಟಾಫ್ಟ್,
೧೧ ಜನವರಿ ೧೯೫೯

ರೂಬೆನ್,

ನಿನ್ನ ಕಾಗದಕ್ಕೆ ಏನು ಬರೆಯಬೇಕೆಂದು ಕ್ರಿಸ್‌ಮಸ್ ಪೂರ್ತಿ ಯೋಚಿಸಿದೆ. ಇದರ ಜೊತೆ ಹೊಗೆ ಹಾಕಿದ ಹೆರಿಂಗ್ ಮೀನು ಕಳಿಸಿದ್ದೇನೆ. ವಿನ್ನಿಗೆ ಬೆಣ್ಣೆಯಲ್ಲಿ ಬಿಸಿಮಾಡಿ ಕೊಡು. ಮುಳ್ಳು ತೆಗೆದು ಕೊಡು, ಒಂದು ಕೈಯಲ್ಲಿ ಅವಳಿಗೆ ಆಗುವುದಿಲ್ಲ.

ಅವಳ ಕಾಗದಗಳು ಚಿಕ್ಕವಾಗುತ್ತಿವೆ. ಮುಂಚೆ ಊರಿನವರನ್ನೆಲ್ಲ ಆಡಿಕೊಂಡು ಎರಡು ಹಾಳೆ ತುಂಬಿಸುತ್ತಿದ್ದಳು. ಈಗ ಮಳೆ ಬಂತು, ಮಳೆ ನಿಂತಿತು ಎಂದು ಬರೆಯುತ್ತಾಳೆ. ಅವಳು ಆಡಿಕೊಳ್ಳುವುದನ್ನು ನಿಲ್ಲಿಸಿದರೆ ನನಗೆ ಭಯವಾಗುತ್ತದೆ.

ಲೆನ್ ಎರಡು ವರ್ಷದವನಿದ್ದಾಗ ನನ್ನ ಟೋಪಿಯನ್ನು ಬಾವಿಗೆ ಎಸೆದಿದ್ದ. ನೀನು ಇಳಿದು ತಂದುಕೊಟ್ಟೆ. ಇದನ್ನು ಯಾಕೆ ಬರೆಯುತ್ತಿದ್ದೇನೋ ನನಗೇ ಗೊತ್ತಿಲ್ಲ.

ಆಲ್ಮಾ


ಬ್ರಾಕ್‌ಸ್ಟೆಡ್,
೩ ಏಪ್ರಿಲ್ ೧೯೫೯

ಆಲ್ಮಾ,

ಮೀನು ತಿಂದೆವು. ವಿನ್ನಿ ನಿನ್ನನ್ನು ಹೊಗಳಿದಳು, ನಾನು ಮುಳ್ಳು ತೆಗೆದುಕೊಟ್ಟೆ.

ನಿನಗೊಂದು ವಿಷಯ ಹೇಳಬೇಕು. ವಿನ್ನಿಗೆ ಹೇಳಬಾರದು. ಫೆಬ್ರವರಿಯಲ್ಲಿ ಕಲ್ಲಿದ್ದಲು ಹೊತ್ತು ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಿತು. ಬಕೆಟ್ಟು ಕೆಳಕ್ಕೆ ಉರುಳಿತು. "ಏನದು ಸದ್ದು?" ಎಂದಳು. "ಬೆಕ್ಕು" ಎಂದೆ. "ನಮ್ಮನೇಲಿ ಬೆಕ್ಕೆಲ್ಲಿದೆ?" ಎಂದಳು. ಡಾಕ್ಟರ್ ಹೇಲ್ ಹತ್ತಿರ ಹೋದೆ. ಹೃದಯ ಸವೆದಿದೆ, ಭಾರ ಎತ್ತಬೇಡ, ಮೆಟ್ಟಿಲು ಹತ್ತಬೇಡ ಎಂದರು. ಹತ್ತದೆ ಅವಳಿಗೆ ಟೀ ಹೇಗೆ ಕೊಡಲಿ? ಎಷ್ಟು ದಿನ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಆಮೇಲೆ ದಿನಾ ಒಂದೇ ಯೋಚನೆ. ನಾನು ಮೊದಲು ಹೋಗುತ್ತೇನೆ. ನನ್ನನ್ನು ಅವಳ ಮಂಚದ ಪಕ್ಕದಲ್ಲೇ ಆ ಕಂಡಿಯಿಂದ ಇಳಿಸುತ್ತಾರೆ. ಅವಳು ಮೇಲೆ ಕೂತು ನೋಡುತ್ತಾಳೆ. ನಾನು ಬಾಗಿಲಿನಿಂದ ಹೊರಗೆ ಹೋಗುತ್ತೇನೆ, ಅವಳು ಅಲ್ಲೇ ಇರುತ್ತಾಳೆ. ಹಲಗೆ ಮುಚ್ಚಿಬಿಡುತ್ತಾರೆ. ಆಲ್ಮಾ, ನಾನು ಅವಳಿಗೆ ಹಾಗೆ ಮಾಡಲಾರೆ.

ಕಂಡಿ ತೆಗೆಯುತ್ತೇನೆ. ಮನೆಗೆ ಪಾಲು ಬೇಕಿದ್ದರೆ ನಾನು ಹೇಗೂ ಇದ್ದೇನೆ.

ಹಲಗೆಗಳು ಚಳಿಗಾಲದ ತೇವಕ್ಕೆ ಉಬ್ಬಿ ಬಿಗಿದಿವೆ. ಬಿಸಿಲು ಬರಲಿ. ಮೇ ತಿಂಗಳಲ್ಲಿ ಗೂಟ ತೆಗೆದು ಹಲಗೆಗಳನ್ನು ಹೊರಗೆ ಒಣಗಿಸಿ ಅಂಚು ತರೆಯಬೇಕು. ಹಿಡಿಯಲು ನಾಲ್ಕು ಜನ ಬೇಕು. ಯಾರನ್ನೂ ಇನ್ನೂ ಕೇಳಿಲ್ಲ. ಜೀವಂತ ಹೆಂಗಸನ್ನು ಹೆಣದ ಕಂಡಿಯಿಂದ ಇಳಿಸಿಕೊಡಿ ಎಂದು ಈ ಊರಲ್ಲಿ ಹೇಗೆ ಕೇಳುವುದೋ ಗೊತ್ತಾಗುತ್ತಿಲ್ಲ.

ನಂಬಿ ಬರೆದ
ರೂಬೆನ್


ಬ್ರಾಕ್‌ಸ್ಟೆಡ್,
೧೭ ಮೇ ೧೯೫೯

ಮುದ್ದಿನ ಆಲ್ಮಾ,

ನಾನು ಸತ್ತುಹೋದೆನೆಂದು ನಿನಗೆ ಯಾರಾದರೂ ತಂತಿ ಕೊಟ್ಟಿದ್ದರೆ ಅದನ್ನು ಹರಿದುಹಾಕು. ಬುಧವಾರ ಬೆಳಿಗ್ಗೆ ಸ್ವಲ್ಪ ಹೊತ್ತು ಸತ್ತಿದ್ದೆ. ಈಗ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹೌದು, ಅಡುಗೆಮನೆಯಲ್ಲಿ. ಈ ಸಾಲನ್ನು ಎರಡು ಸಲ ಓದು, ನಾನೂ ಎರಡು ಸಲ ಬರೆಯಬೇಕೆಂದಿದ್ದೆ.

ಮಂಗಳವಾರ ಸಂಜೆ ರೂಬೆನ್ ಸುತ್ತಿಗೆ ಹಿಡಿದು ಮೇಲೆ ಬಂದ. ಮಂಡಿಯೂರಿ ಕೂತು ಗೂಟಗಳನ್ನು ತಟ್ಟತೊಡಗಿದ. "ಏನು ಮಾಡ್ತಿದ್ದೀಯ?" ಎಂದೆ. "ನೀನು ಕೆಳಗೆ ಬರ್ತಿದ್ದೀಯ" ಎಂದ. ನಾನು ಗೋಡೆ ಕಡೆ ತಿರುಗಿದೆ. ಅತ್ತದ್ದು ಅವನಿಗೆ ಕೇಳಿಸಿರಬೇಕು, ಸುತ್ತಿಗೆಯನ್ನು ಜೋರಾಗಿ ಹೊಡೆದ.

ಬೆಳಿಗ್ಗೆ ಹಲಗೆಗಳನ್ನು ಬೀದಿ ಕಡೆಯ ಬೇಲಿಗೆ ಒರಗಿಸಿ ಬಿಸಿಲಿಗಿಟ್ಟ. ಆಮೇಲೆ ಪಟ್ಟಿ ತರಲು ಚರ್ಚಿಗೆ ಹೋದ. ಅಲ್ಲಿ ಗಂಟೆ ಬಾರಿಸುವ ಅಮೋಸ್ ನೆಲಕ್ಕೆ ಬಿದ್ದ ಮೇಣ ಕೆರೆಯುತ್ತಿದ್ದನಂತೆ. ಇವನು ಬೀರು ತೆಗೆದು ಪಟ್ಟಿ ಹೆಗಲಿಗೆ ಹಾಕಿಕೊಂಡ. ಯಾರಿಗೆ ಎಂದು ಅಮೋಸ್ ಕೇಳಲಿಲ್ಲ, ಯಾತಕ್ಕೆ ಎಂದು ಇವನು ಹೇಳಲಿಲ್ಲ. ಅಮೋಸ್ ಟೋಪಿ ತೆಗೆದನಂತೆ, ಇವನೂ ಮರ್ಯಾದೆಗೆ ಟೋಪಿ ತೆಗೆದನಂತೆ. ನಮ್ಮ ಊರಿನ ಗಂಡಸರ ಮಾತುಕತೆ ನಿನಗೆ ಗೊತ್ತೇ ಇದೆ. ಇವನು ಅಲ್ಲಿಂದ ಕೊಕ್ಕೆಗಾಗಿ ಕಮ್ಮಾರನ ಅಂಗಡಿಗೆ ಹೋದ.

ಅಷ್ಟರಲ್ಲಿ ಸಾವಿನ ಗಂಟೆ ಶುರುವಾಯಿತು. ಮೂರು, ಮತ್ತೆ ಮೂರು. ಗಂಡಸಿಗಾದರೆ ಮೂರು ಸಲ, ಇದು ಎರಡೇ, ಹೆಂಗಸು ಎಂದುಕೊಂಡೆ. ಪಾಪ, ಯಾರೋ ಏನೋ. ಆಮೇಲೆ ಅಮೋಸ್ ವರ್ಷಕ್ಕೊಂದರಂತೆ ವಯಸ್ಸು ಬಾರಿಸತೊಡಗಿದ. ನನಗೆ ಎಣಿಸುವುದು ಬಿಟ್ಟರೆ ಬೇರೆ ಕೆಲಸವೇನಿತ್ತು? ಅರವತ್ತೊಂದಕ್ಕೆ ನಿಂತಿತು. ಊರಲ್ಲಿ ಅರವತ್ತೊಂದರ ಹೆಂಗಸು ಯಾರಪ್ಪ ಎಂದು ಒಬ್ಬೊಬ್ಬರನ್ನೇ ನೆನೆದೆ, ಹೊಂದಲಿಲ್ಲ. ಎದುರು ಮನೆಯವರು ಸತ್ತವರ ಮರ್ಯಾದೆಗೆ ಕಿಟಕಿಯ ಪರದೆ ಎಳೆದರು. ಅವರು ಈ ಕಡೆಯೇ ನೋಡುತ್ತಿದ್ದರು. ಆಗ ತಿಳಿಯಿತು. ಅವನು ನನಗೆ ಎರಡು ವರ್ಷ ಹೆಚ್ಚಿಗೆ ಬಾರಿಸಿದ್ದ.

ನಗಬೇಡ, ಆಗ ನನಗೂ ನಗು ಬರಲಿಲ್ಲ. ಪಕ್ಕದಲ್ಲಿ ನೆಲ ಬಾಯಿ ತೆರೆದಿತ್ತು. ಕೆಳಗೆ ನಡುಮನೆಯ ಇಟ್ಟಿಗೆ ನೆಲ ಕಾಣುತ್ತಿತ್ತು. ಒಬ್ಬೊಬ್ಬರೇ ಬಂದು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಕರಿ ಕೋಟುಗಳು, ಬೋಳು ತಲೆಗಳು. ಪಕ್ಕದ ಮನೆಯ ನೆಟ್ಟಿ ಸಾವಿನ ಊಟಕ್ಕೆಂದು ಬೇಯಿಸಿದ ಹಂದಿಮಾಂಸದ ಹ್ಯಾಮ್ ತಂದು ಮೇಜಿನ ಮೇಲಿಟ್ಟು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಎಷ್ಟು ಒಳ್ಳೆ ಹೆಂಗ್ಸು, ಬಾಯಿ ಸ್ವಲ್ಪ ಜೋರು" ಎಂದಳು. ನನ್ನ ಸಾವಿನಲ್ಲಿ ಜನ ಹೇಗೆ ಇರುತ್ತಾರೆ ಎಂದು ನೋಡಿಬಿಟ್ಟೆ, ಆಲ್ಮಾ. ಅವರು ನಿಜವಾಗಿ ಅಳುತ್ತಿದ್ದರು. ಎರಡು ವರ್ಷದಿಂದ ಮೆಟ್ಟಿಲು ಹತ್ತಿ ಬಂದವರು ನಾಲ್ಕೇ ಜನ, ಆದರೂ ಅಳುತ್ತಿದ್ದರು.

"ನೆಟ್ಟಿ, ಹ್ಯಾಮಿಗೆ ಸಾಸಿವೆ ತಂದಿದ್ದೀಯ?" ಎಂದೆ, ಮೇಲಿನಿಂದ.

ಆಮೇಲೆ ಅಮೋಸ್ ಕಂಡಿಯ ಕೆಳಗೆ ಬಂದು ತಲೆ ಎತ್ತಿದ. "ವಿನ್ನಿ, ನೀನು ಸತ್ತಿಲ್ವಾ?"

"ಇಲ್ಲ ಕಣೋ. ಅರವತ್ತೊಂದು ಯಾರು ಹೇಳಿದ್ದು ನಿಂಗೆ? ಐವತ್ತೊಂಬತ್ತು."

"ಹಲಗೆ ಹೊರಗಿತ್ತು. ರೂಬೆನ್ ಪಟ್ಟಿ ತಗೊಂಡು ಹೋದ."

"ಅವನನ್ನ ಒಂದು ಮಾತು ಕೇಳೋಕೇನಾಗಿತ್ತು?"

"ದುಃಖದಲ್ಲಿರೋನನ್ನ ಹೆಂಗೆ ಕೇಳೋದು?" ಎಂದ. ಅದೂ ಸರಿಯೇ.

ಅಷ್ಟರಲ್ಲಿ ರೂಬೆನ್ ಕೊಕ್ಕೆ ಹಿಡಿದುಕೊಂಡು ಬಂದ. ಗಂಟೆ ಅವನಿಗೂ ಕೇಳಿಸಿತ್ತಂತೆ. ಎಣಿಸಿದ್ದಾನೆ, ಅರವತ್ತೊಂದು, ಹಾಗಾಗಿ ವಿನ್ನಿಯಲ್ಲ ಎಂದುಕೊಂಡನಂತೆ. ಮನೆ ತುಂಬ ಕರಿ ಕೋಟು ನೋಡಿದ ಕೂಡಲೇ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ನಾನು "ರೂಬೆನ್, ನಾನಿಲ್ಲೇ ಇದ್ದೀನಿ" ಎಂದು ಕೂಗಿದೆ. ಅವನು ಅಲ್ಲೇ ಕೂತುಬಿಟ್ಟ.

ಪಾದ್ರಿಗಳೂ ಬಂದಿದ್ದರು. ಅವರೇ ಹೇಳಿದರು, "ಹೊರೋಕೆ ಅಂತ ಬಂದಿದ್ದೀರಿ, ಕೋಟು ಬಿಚ್ಚಿ. ಹೊತ್ತು ಹಾಳುಮಾಡೋದು ಬೇಡ." ಗಂಡಸರು ಮುಖ ಮುಖ ನೋಡಿಕೊಂಡರು. ವಿಲ್ಫ್ ಮೊದಲು ಮೆಟ್ಟಿಲು ಹತ್ತಿದ, ಹಿಂದೆಯೇ ಅಮೋಸ್, ಇನ್ನಿಬ್ಬರು. ಕೈಗಳಿರುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಸೊಂಟಕ್ಕೆ ದುಪ್ಪಟಿ ಬಿಗಿದು, ಕೊಕ್ಕೆಗೆ ಪಟ್ಟಿ ಹಾಕಿದರು. "ಕಾಲು ಮೊದಲಲ್ವಾ?" ಎಂದು ಅಮೋಸ್ ಅಭ್ಯಾಸದಿಂದ ಕೇಳಿದ. "ಕೂತ ಹಾಗೇ" ಎಂದೆ.

ಕೆಳಗೆ ರೂಬೆನ್ ನಿಂತಿದ್ದ. ಬೇರೆಯವರು ಬರುತ್ತೇವೆ ಎಂದರೂ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದ. ನನ್ನ ಎಡಗಾಲಿಗೆ ಸ್ಪರ್ಶ ತಿಳಿಯುವುದಿಲ್ಲ, ಬಲಗಾಲಿಗೆ ತಿಳಿಯಿತು. ಪಾದ ಬೆಚ್ಚಗಿದೆ ಎಂದು ಗೊತ್ತಾದ ಮೇಲೆ ಅವನು ಕಣ್ಣು ತೆರೆದ.

ಹ್ಯಾಮ್ ಎಲ್ಲರಿಗೂ ಸಾಕಾಯಿತು. ನೆಟ್ಟಿ ಸಾಸಿವೆ ತಂದಿರಲಿಲ್ಲ.

ಸತ್ತು ಬದುಕಿದ
ನಿನ್ನ ವಿನ್ನಿ


ಬ್ರಾಕ್‌ಸ್ಟೆಡ್,
೨೬ ಜುಲೈ ೧೯೫೯

ಆಲ್ಮಾ,

ನೀನು ಜೂನಿನಲ್ಲಿ ಬಂದು ಹೋದ ಮೇಲೆ ಅವಳ ಬಾಯಿ ಇನ್ನೂ ಜೋರಾಗಿದೆ. ದಿನವಿಡೀ ಮುಂಬಾಗಿಲಿನಲ್ಲಿ ಕೂರುತ್ತಾಳೆ. ಯಾರ ಮಗಳು ಯಾರ ಜೊತೆ ಸೈಕಲ್ಲಿನಲ್ಲಿ ಹೋದಳು ಎಂಬುದು ಪಾದ್ರಿಗಳಿಗಿಂತ ಮೊದಲು ಅವಳಿಗೆ ಗೊತ್ತು.

ಅವಳ ಮಂಚವನ್ನು ನಡುಮನೆಯಲ್ಲಿ ಹಾಕಿದ್ದೇನೆ. ಇಬ್ಬರಿಗೆ ಜಾಗವಿಲ್ಲ, ನಾನು ಮೇಲೆ ಮಲಗುತ್ತೇನೆ. ಮೆಟ್ಟಿಲು ಹತ್ತಬೇಡ ಎಂದು ನೀನು ಮತ್ತೆ ಬರೆಯುವ ಮುಂಚೆಯೇ ಹೇಳುತ್ತೇನೆ, ದಿನಕ್ಕೆ ಒಂದೇ ಸಲ ಹತ್ತುತ್ತೇನೆ, ನಿಧಾನವಾಗಿ. ಕಂಡಿಯನ್ನು ಮುಚ್ಚಿಲ್ಲ. ಸುತ್ತ ಕಟಕಟೆ ಕಟ್ಟಿದ್ದೇನೆ. ಅವಳು ಕೆಳಗಿನಿಂದ ಮಾತಾಡುತ್ತಾಳೆ, ನಾನು ಮೇಲಿನಿಂದ ಹೂಂ ಅನ್ನುತ್ತೇನೆ. ಮೂವತ್ತೈದು ವರ್ಷ ಪಕ್ಕದಲ್ಲಿ ಮಲಗಿದ್ದಾಗ ಇಷ್ಟು ಮಾತಾಡಿರಲಿಲ್ಲ. ಮೊನ್ನೆ ಲೆನ್‌ನ ಬಗ್ಗೆ ಮಾತಾಡಿದೆವು. ಕತ್ತಲಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣದೆ. ಅವಳೇ ಶುರುಮಾಡಿದಳು. ನಾನು ಗೋಡೆ ಬದಿಯಿಂದ ಹಾಯುತ್ತಿದ್ದದ್ದು ಅವಳಿಗೆ ಗೊತ್ತಿತ್ತಂತೆ. ಹಲಗೆ ಸಂದಿನಿಂದ ಕಾಣುತ್ತಿತ್ತಂತೆ.

ನೀನು ಹೇಳಿದ್ದು ಸರಿಯಾಗಿತ್ತು. ಎಲ್ಲವೂ ಅಲ್ಲ, ಕಂಡಿಯ ವಿಷಯ.

ರೂಬೆನ್


ಬ್ರಾಕ್‌ಸ್ಟೆಡ್,
೧೧ ಅಕ್ಟೋಬರ್ ೧೯೫೯

ಆಲ್ಮಾ,

ರೂಬೆನ್‌ನ ಮಣ್ಣಿನ ದಿನ ನೀನು ಒಂದು ಪ್ರಶ್ನೆ ಕೇಳಿದೆ. ಸುತ್ತ ಜನರಿದ್ದರು, ಉತ್ತರ ಹೇಳಲಾಗಲಿಲ್ಲ. ನಿನ್ನ ಬಸ್ಸು ತಡವಾಗಿ ನೀನು ಬರುವಷ್ಟರಲ್ಲಿ ಅವನನ್ನು ಇಳಿಸಿಯಾಗಿತ್ತು. ಹೆಂಗಸರು ಆ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿರುವುದು ವಾಡಿಕೆ, "ನಿನ್ನನ್ನ ಯಾಕೆ ನೆಟ್ಟಿ ಮನೆಗೆ ಕರ್ಕೊಂಡು ಹೋಗ್ಲಿಲ್ಲ, ಅದನ್ನೆಲ್ಲ ಯಾಕೆ ನೋಡ್ದೆ?" ಎಂದು ನೀನು ಕೇಳಿದೆ. ಅವರು ಕರೆದರು. ನಾನು ಹೋಗಲಿಲ್ಲ.

ಆ ಬೆಳಿಗ್ಗೆ ಅವನ ಕೆಮ್ಮು ಕೇಳಿಸದೆ ಎಚ್ಚರವಾಯಿತು. "ರೂಬೆನ್" ಎಂದೆ. ಕಂಡಿಯಿಂದ ಹೂಂ ಬರಲಿಲ್ಲ. ಇನ್ನೊಂದು ಸಲ ಕರೆಯುವ ಮುಂಚೆಯೇ ನನಗೆ ಗೊತ್ತಾಗಿತ್ತು, ಆದರೂ ಕರೆದೆ. ಮೇಲೆ ಹೋಗಲಾರೆ. ಒಲೆ ಕೆದಕುವ ಕಂಬಿ ತೆಗೆದು ಗೋಡೆಗೆ ಬಡಿದೆ, ನೆಟ್ಟಿ ಬರುವವರೆಗೆ ಬಡಿದೆ. ಗಾರೆ ಉದುರಿ ಓಕ್ ಕಾಣುತ್ತಿದೆ. ಅದನ್ನು ಸರಿಮಾಡಲು ಇನ್ನು ಬೇರೆಯವರನ್ನು ಕರೆಯಬೇಕು.

ಅವನ ಎದೆಯ ವಿಷಯ ನಿನಗೆ ಗೊತ್ತಿತ್ತೆಂದು ನೀನೇ ಹೇಳಿದೆ. ನನಗೆ ನಿನ್ನ ಮೇಲೆ ಕೋಪವಿಲ್ಲ. ಅವನ ಮೇಲೆ ಇದೆ, ಅದು ಇನ್ನೂ ಬಹಳ ದಿನ ಇರುತ್ತದೆ. ಬೆಕ್ಕಂತೆ.

ಊರಿನಲ್ಲಿ ಏನು ಮಾತಾಡುತ್ತಾರೆಂದು ಬಲ್ಲೆ. ಅಮೋಸನ ಹೆಂಡತಿ ನನ್ನ ಮುಂದೆಯೇ "ಮನೆ ತನ್ನ ಪಾಲು ತಗೊಂಡ್ತು" ಎಂದಳು. ನಾನು ಹೇಳಿದೆ, "ಮನೆಯಲ್ಲಮ್ಮ, ಮೆಟ್ಟಿಲು. ಎರಡು ವರ್ಷ ನನಗೋಸ್ಕರ ನೀರು, ಕಲ್ಲಿದ್ದಲು, ಕಕ್ಕಸಿನ ಪಾಟು ಹೊತ್ತು ಹತ್ತಿ ಇಳಿದ. ಪಾಲು ಯಾರಾದ್ರೂ ತಗೊಂಡಿದ್ರೆ ಅದು ನಾನೇ." ಅವಳು ಅಲ್ಲಿ ನಿಲ್ಲಲಿಲ್ಲ.

ಇನ್ನು ನಿನ್ನ ಪ್ರಶ್ನೆ. ನಾಲ್ವರು ಮೇಲೆ ಹೋದರು. ಅಮೋಸ್ ಕೆಳಗಿದ್ದ. "ವಿನ್ನಿ, ನಿನ್ನ ಕುರ್ಚಿ ಸ್ವಲ್ಪ ಆಚೆ ಸರಿಸ್ತೀನಿ. ನಾನು ನಿಂತ್ಕೋತೀನಿ" ಎಂದ.

"ಮನೆಯೋರು ನಿಲ್ಬೇಕು ಅಲ್ವಾ?"

"ಹೌದು. ಆದ್ರೆ ಈಗ ಮನೆಯೋರು ಅಂತ ಗಂಡಸರು ಯಾರಿದ್ದಾರೆ?"

"ನಾನಿದ್ದೀನಿ. ಕುರ್ಚಿ ಇನ್ನೂ ಈಚೆಗೆ ಎಳಿ, ಸರಿಯಾಗಿ ಕೆಳಗೆ."

ಅವನು ಪಾದ್ರಿಗಳ ಮುಖ ನೋಡಿದ. ಅವರು ಕುರ್ಚಿಯ ಒಂದು ಕಡೆ ಹಿಡಿದರು, ಅಮೋಸ್ ಇನ್ನೊಂದು ಕಡೆ. ತಲೆ ಎತ್ತಿ ನೋಡಿದೆ. ಅಷ್ಟು ದಿನ ಮೇಲಿನಿಂದ ಆ ಹಲಗೆಗಳನ್ನು ನೋಡುತ್ತಾ ಮಲಗಿದ್ದವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ, ಕೆಳಗೆ ನಿಂತವರಿಗೆ ಅದು ಎಷ್ಟು ಎತ್ತರ ಎಂದು. ತನ್ನ ಅಪ್ಪನಿಗೆ, ಅಮ್ಮನಿಗೆ, ಲೆನ್‌ಗೆ, ಆಮೇಲೆ ನನಗೆ, ಅವನು ಇಲ್ಲಿಯೇ ನಿಂತಿದ್ದ. ಅವನಿಗೋಸ್ಕರ ನಿಲ್ಲಲು ಯಾರೂ ಉಳಿದಿರಲಿಲ್ಲ. ಅದು ಅವನಿಗೆ ಗೊತ್ತಿತ್ತು ಎಂದು ನನಗನ್ನಿಸುತ್ತದೆ, ಆದರೆ ನನ್ನನ್ನು ಇಳಿಸುವಾಗ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂಬಾಗಿಲು, ಬಿಸಿಲು, ನಿನ್ನ ಅಡುಗೆಮನೆ ಎಂದಷ್ಟೇ ಹೇಳಿದ.

ಪಟ್ಟಿ ತೊಲೆಗೆ ಉಜ್ಜುವ ಸದ್ದು ಬಂತು. ಕಾಲಿನ ಕಡೆ ಮೊದಲು ಬಂತು. ನಾನು ಬಲಗೈ ಎತ್ತಿ ಹಿಡಿದೆ. ಅಮೋಸ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾದ.

ನನಗಿರುವುದು ಅದೊಂದೇ ಕೈ, ಆಲ್ಮಾ. ಅವನು ನನ್ನನ್ನು ಕೆಳಗೆ ತರದಿದ್ದರೆ ಅದು ಮಹಡಿಯಲ್ಲಿ ಪೆಟ್ಟಿಗೆಯ ಅಂಚು ಹಿಡಿದು, ಅವರು ಬಿಡು ಎಂದಾಗ ಬಿಡಬೇಕಾಗುತ್ತಿತ್ತು. ಈಗ ಅದೇ ಕೈ ಕೆಳಗೆ ಅವನನ್ನು ತೆಗೆದುಕೊಂಡಿತು.

ವಿನ್ನಿ